ಮಾನ್ಯಳ ಎಡಗೈ

ಮಾರ್ಚ್ 30, ಭಾನುವಾರ, ಯುಗಾದಿ

ಈ ಡೈರಿ ಬಳೇಪೇಟೆಯ ನಮ್ಮ ಅಂಗಡಿಗೆ ಯಾವುದೋ ಗಾಜಿನ ಬಳೆ ಕಂಪನಿಯವರು ಪುಕ್ಕಟೆ ಕೊಟ್ಟದ್ದು. ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತಿನಿಂದ ನನ್ನದು. ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಕೂಗಾಡುವುದಿಲ್ಲ. ಮೆತ್ತಗೆ ಮಾತಾಡಿಯೇ ಎಲ್ಲರೂ ತಮಗೆ ಬೇಕಾದದ್ದನ್ನು ಮಾಡಿಸಿಕೊಳ್ಳುತ್ತಾರೆ. ನನಗೆ ಆ ವಿದ್ಯೆ ಬರುವುದಿಲ್ಲ, ಅದಕ್ಕೇ ಇಲ್ಲಿ ಕೂಗಾಡುತ್ತೇನೆ.

ಬೆಳಿಗ್ಗೆ ಬೇವು ಬೆಲ್ಲ ಆಯಿತು. ಮಧ್ಯಾಹ್ನ ಒಬ್ಬಟ್ಟಿನ ಊಟಕ್ಕೆ ಅತ್ತೆಯ ತಂಗಿ ಶೈಲಜಮ್ಮನವರೂ ಅವರ ಮನೆಯವರೂ ಬಂದಿದ್ದರು. ಮಾನ್ಯಳನ್ನು ನನ್ನ ಪಕ್ಕದ ಎಲೆಗೆ ಕೂರಿಸಿದ್ದೆ. ಎರಡೂವರೆ ವರ್ಷದ ನನ್ನ ಮಗಳು ಒಬ್ಬಟ್ಟಿನ ಚೂರನ್ನು ಎಡಗೈಯಲ್ಲಿ ಎತ್ತಿ, ತುಪ್ಪದಲ್ಲಿ ಅದ್ದಿ, ಕಣ್ಣು ಮುಚ್ಚಿಕೊಂಡು ಬಾಯಿಗಿಟ್ಟಳು. ಅಷ್ಟೇ ಆದದ್ದು.

"ಅಯ್ಯೋ, ಏನಕ್ಕಾ ಇದು, ನಿನ್ ಮೊಮ್ಮಗಳು ಎಡಗೈಯೋಳಾ?" ಎಂದು ಶೈಲಜಮ್ಮ ಸಾಲಿನ ಆ ಕೊನೆಯಿಂದ ಕೇಳಿದರು.

ಅತ್ತೆ ಎದ್ದು ಒಳಗೆ ಹೋದರು. ಮಾನ್ಯಳ ಕಾಲುಚೀಲ ಒಂದನ್ನು ತಂದು ಅವಳ ಎಡಗೈಗೆ ತೊಡಿಸಿ, ಮೇಲೆ ರಿಬ್ಬನ್ ಕಟ್ಟಿದರು. "ಚಿನ್ನಾ, ಇದು ಕೈಗೆ ಅಂಗಿ" ಅಂದರು. ಮಗು ಮೊದಲು ನಕ್ಕಿತು, ಕೈ ಆಡಿಸಿತು. ಆಮೇಲೆ ಒಬ್ಬಟ್ಟು ಎತ್ತಲು ಹೋಗಿ, ಆಗದೆ, ಬಿಕ್ಕಿಬಿಕ್ಕಿ ಅತ್ತಿತು. ನಾನು ರಿಬ್ಬನ್ ಕಿತ್ತು ಎಸೆದೆ. ಎಲ್ಲರ ಎದುರಿಗೇ. ಮಾವ "ಸ್ವಲ್ಪ ಸಾರು ಬರ್ಲಿ" ಅಂದರು, ಏನೂ ಆಗಿಲ್ಲ ಎನ್ನುವ ಹಾಗೆ.

ಪಾತ್ರೆ ಎತ್ತಿಡುವಾಗ ಅತ್ತೆ ಮೆಲ್ಲಗೆ ಹೇಳಿದರು. "ಬಸವ ಜಯಂತಿ ದಿನ ಮಗೂಗೆ ಅಕ್ಷರಾಭ್ಯಾಸ ಮಾಡ್ಸೋಣ ಅಂತ ಅಯ್ನೋರಿಗೆ ಹೇಳಿದೀನಿ. ಅಷ್ಟರಲ್ಲಿ ಬಲಗೈ ರೂಢಿ ಆಗ್ಲೇಬೇಕು, ತೇಜು."

ಅಂದರೆ ಅವತ್ತು ತಟ್ಟೆಯ ಅಕ್ಕಿಯಲ್ಲಿ ನನ್ನ ಮಗಳ ಬಲಗೈ ಹಿಡಿದು ಮೊದಲ ಅಕ್ಷರ ಬರೆಸುತ್ತಾರೆ. ಅಲ್ಲಿಗೆ ಆ ಎಡಗೈ ಕಥೆ ಮುಗಿಯಿತು. ನೋಡೇಬಿಡೋಣ. ಬರೆದರೆ ಎಡಗೈಯಲ್ಲೇ ಬರೆಯುತ್ತಾಳೆ.

ಏಪ್ರಿಲ್ 2, ಬುಧವಾರ

ಇವತ್ತು ವಾದ ಮಾಡಿದೆ. ಅತ್ತೆ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯೊಳಗೆ ಇಡುತ್ತಿದ್ದರು. ಸರಿಯಾದ ಸಮಯ ಅಂದುಕೊಂಡು ಕೇಳಿದೆ.

"ಅತ್ತೆ, ನೀವು ಲಿಂಗ ಇಟ್ಕೊಂಡು ಪೂಜೆ ಮಾಡೋದು ಯಾವ ಕೈಯಲ್ಲಿ?"

"ಎಡಗೈಯಲ್ಲಿ."

"ಮತ್ತೆ? ದೇವರನ್ನ ಕೂರ್ಸೋ ಕೈ ಕೆಟ್ಟದ್ದು ಹೇಗಾಗತ್ತೆ?"

ಗೆದ್ದೆ ಎಂದುಕೊಂಡಿದ್ದೆ. ಅತ್ತೆ ಬೇಜಾರು ಮಾಡಿಕೊಳ್ಳಲೇ ಇಲ್ಲ. "ಕೆಟ್ಟದ್ದು ಅಂತ ಯಾರಮ್ಮ ಅಂದ್ರು? ದೇವರು ಕೂರೋ ಜಾಗ ಅದು. ಅದನ್ನ ಎಂಜಲು ಮಾಡ್ಕೋಬಾರ್ದು ಅಂತ ತಾನೇ ನಾನು ಹೇಳ್ತಿರೋದು" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಕಾಲೇಜಿನಲ್ಲಿ ಪಿಯು ಮಕ್ಕಳಿಗೆ ವರ್ಷವಿಡೀ ಅಕೌಂಟೆನ್ಸಿ ಹೇಳಿ ಗಂಟಲು ಪಳಗಿದೆ, ಆದರೂ ಹೊಳೆಯಲಿಲ್ಲ. ಅದೇ ಸಿಟ್ಟು.

ಉತ್ತರ ಇಲ್ಲದಿದ್ದರೆ ಏನಂತೆ, ಕಾಲಿದೆ. ಕಾಲೇಜಿಗೆ ರಜೆ ಸಿಕ್ಕಿದೆ. ದಿನಾ ಮಗುವನ್ನು ಕರೆದುಕೊಂಡು ಹೊರಟುಬಿಡುತ್ತೇನೆ. ಮನೆಯಲ್ಲಿದ್ದರೆ ತಾನೆ ಕಾಲುಚೀಲ? ಶಂಕರಪುರಂನಿಂದ ಯಾವ ಕಡೆ ಕಾಲು ಹಾಕಿದರೂ ಒಂದು ಪಾರ್ಕು ಸಿಗುತ್ತದೆ.

ಸಂಜೆ ಬ್ಯೂಗಲ್ ರಾಕ್‌ಗೆ ಹೋದೆವು. ಬಂಡೆ ಇನ್ನೂ ಕಾದಿತ್ತು. ಮಾನ್ಯ ಅದರ ಮೇಲೆ ಕೂತು "ಬಿಸಿ ಬಿಸಿ" ಎಂದು ಕೂಗಿ ಎದ್ದಳು, ಮತ್ತೆ ಕೂತಳು, ಮತ್ತೆ ಕೂಗಿದಳು. ಸೌತೆಕಾಯಿ ಹೋಳನ್ನು ಎಡಗೈಯಲ್ಲಿ ಹಿಡಿದು ಕರಕರ ತಿಂದಳು. ಯಾರೂ ಏನೂ ಅನ್ನಲಿಲ್ಲ. ನನಗೆ ಎಷ್ಟು ಖುಷಿಯಾಯಿತು ಎಂದರೆ ನಾನೂ ಬಿಸಿ ಬಂಡೆಯ ಮೇಲೆ ಕೂತು ಕೂಗಿದೆ.

ಏಪ್ರಿಲ್ 6, ಭಾನುವಾರ, ರಾಮನವಮಿ

ಗಾಂಧಿಬಜಾರಿನ ಹತ್ತಿರ ರಸ್ತೆ ಬದಿ ಶಾಮಿಯಾನ ಹಾಕಿ ಪಾನಕ, ಕೋಸಂಬರಿ ಹಂಚುತ್ತಿದ್ದರು. ಬಿಸಿಲೋ ಬಿಸಿಲು. ನಾವೂ ಸಾಲಿನಲ್ಲಿ ನಿಂತೆವು. ಮಾನ್ಯ ತನ್ನ ಸರದಿ ಬಂದಾಗ ಎಡಗೈ ಚಾಚಿದಳು.

ಕೋಸಂಬರಿ ಹಾಕುತ್ತಿದ್ದ ಯಜಮಾನರು ಚಮಚವನ್ನು ಗಾಳಿಯಲ್ಲೇ ನಿಲ್ಲಿಸಿದರು. "ಬಲಗೈ ಕೊಡು ಪುಟ್ಟ. ಪ್ರಸಾದ ಅಲ್ವಾ?"

"ಅವಳು ಇದರಲ್ಲೇ ತಗೊಳ್ಳೋದು, ಸಾರ್" ಅಂದೆ.

"ಮಗೂಗೇನು ಗೊತ್ತಾಗತ್ತಮ್ಮ, ದೊಡ್ಡೋರು ನೀವು ಹೇಳ್ಕೊಡ್ಬೇಕು."

ದೊಡ್ಡವಳು ಅಂದರಲ್ಲ, ಆಗಲಿ ಎಂದು ನಾನೂ ನನ್ನ ಎಡಗೈಯನ್ನೇ ಚಾಚಿ ನಿಂತೆ. ಹಿಂದಿದ್ದ ಹೆಂಗಸರು ಲೊಚಗುಟ್ಟಿದರು. ಸಾಲು ನಿಂತುಹೋಯಿತು. ಯಾರೋ "ಹಾಕಿ ಸ್ವಾಮಿ, ತಲೆ ಸುಡ್ತಿದೆ" ಎಂದು ಕೂಗಿದರು. ಯಜಮಾನರು ಇಬ್ಬರ ಎಡಗೈಗೂ ಕೋಸಂಬರಿ ಹಾಕಿದರು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿದ್ದರು. ಅಂಥ ರುಚಿಯಾದ ಕೋಸಂಬರಿ ನಾನು ಇದುವರೆಗೆ ತಿಂದಿರಲಿಲ್ಲ.

ಏಪ್ರಿಲ್ 9, ಬುಧವಾರ

ಅತ್ತೆಯ ಹೊಸ ಪ್ರಯೋಗ. ಎಡಗೈ ಬೆರಳಿಗೆ ಹಾಗಲಕಾಯಿ ರಸ ಸವರಿದ್ದರು. ಮಾನ್ಯ ಬೆರಳು ನೆಕ್ಕಿ, ಮುಖ ಕಿವುಚಿ, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ನೆಕ್ಕಿದಳು. ಆಮೇಲೆ ಅಜ್ಜಿಯ ಎದುರು ಬೆರಳು ಹಿಡಿದು "ಇನ್ನೂ" ಅಂದಳು!

ನನ್ನ ಗಂಡ ಮನೋಹರ್ ಕಾಫಿ ಉಗುಳುವಷ್ಟು ನಕ್ಕರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅವರೂ ನಗುತ್ತಿದ್ದರು ಎಂದು ನನಗೆ ಖಾತ್ರಿ. ಒಂದು ಕ್ಷಣ ಅವರ ಮೇಲೆ ಪ್ರೀತಿ ಬಂತು. ಕೂಡಲೇ ಹುಷಾರಾದೆ.

ಏಪ್ರಿಲ್ 12, ಶನಿವಾರ

ಬೆಳಿಗ್ಗೆ ಅಂಗಡಿಗೆ ಕರೆದುಕೊಂಡು ಹೋದೆ. ತಾತ ಬಾಗಿಲು ತೆಗೆಯುವುದನ್ನು ನೋಡಲಿ ಎಂದು. ಬಳೇಪೇಟೆಯ ಗಲ್ಲಿಯಲ್ಲಿ ಕೈಗಾಡಿ, ಸ್ಕೂಟರ್, ಡಬ್ಬ ಹೊತ್ತವರ ನಡುವೆ ಮಾನ್ಯ ಎಲ್ಲರಿಗೂ ಟಾಟಾ ಮಾಡುತ್ತಾ ಬಂದಳು. ಮಾವ ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗಿ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

ಮೊದಲ ಗಿರಾಕಿ ಕನಕಪುರದ ಕಡೆಯ ವ್ಯಾಪಾರಿ. ಮಗಳ ಮದುವೆಗೆ ಹಸಿರು ಬಳೆ ಬೇಕಿತ್ತು. ದುಡ್ಡು ಚಾಚಿದ. ಮಾವ ಕೈ ಮುಂದೆ ತರುವ ಮೊದಲೇ ಮಾನ್ಯ ಎಡಗೈಯಲ್ಲಿ ಗಬಕ್ಕನೆ ಕಿತ್ತುಕೊಂಡಳು. ಬೋಣಿ! ದಿನದ ಮೊದಲ ದುಡ್ಡು, ಎಡಗೈಗೆ! ಮಾವನ ಮುಖ ನೋಡಬೇಕಿತ್ತು.

"ಇರ್ಲಿ ಬಿಡಿ ಪರಮಶಿವಯ್ಯನವ್ರೇ, ಲಕ್ಷ್ಮಿ ಬಂದಂಗೆ ಬಂದು ಇಸ್ಕೊಂಡೈತೆ ಕೂಸು" ಎಂದು ವ್ಯಾಪಾರಿ ನಕ್ಕ.

ಮಾವ ನಗಲಿಲ್ಲ. ಮಗುವಿನ ಕೈಯಿಂದ ನೋಟು ಬಿಡಿಸಿ, ವ್ಯಾಪಾರಿಗೆ ವಾಪಸ್ ಕೊಟ್ಟು, ಮತ್ತೆ ಬಲಗೈಯಲ್ಲಿ ಇಸ್ಕೊಂಡು ಕಣ್ಣಿಗೊತ್ತಿಕೊಂಡರು. "ತೇಜು, ಇನ್ಮೇಲೆ ಮಗೂನ ಮಧ್ಯಾಹ್ನ ಕರ್ಕೊಂಡ್ ಬಾಮ್ಮ" ಅಂದರು. ಬೈಗುಳಕ್ಕಿಂತ ಕೆಟ್ಟದ್ದು ಆ ಮೆತ್ತನೆ ಮಾತು.

ಸಂಜೆ ಮನೋಹರ್ ಹೇಳಿದರು, ಇವತ್ತು ಯುಗಾದಿಯ ನಂತರದ ಅತಿ ಒಳ್ಳೆಯ ವ್ಯಾಪಾರವಂತೆ. ಮಾವ ಅದನ್ನು ಮನೆಯಲ್ಲಿ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ. ಊಟದ ಹೊತ್ತಿಗೆ ಬೇಕಂತಲೇ ಎರಡು ಸಲ.

ಏಪ್ರಿಲ್ 17, ಗುರುವಾರ

ಲಾಲ್‌ಬಾಗ್. ಸಂಪಿಗೆ ಮರದ ಕೆಳಗೆ ಹೂವು ಉದುರಿತ್ತು. ಮಾನ್ಯ ಒಂದನ್ನು ಎತ್ತಿಕೊಂಡಳು. ನೋಡಿದರೆ ಬಲಗೈಯಲ್ಲಿ!

ಮನೆಯಲ್ಲಿ ನನ್ನ ಕಣ್ಣು ತಪ್ಪಿಸಿ ತಿದ್ದುತ್ತಿದ್ದಾರೆ, ಅನುಮಾನವೇ ಇಲ್ಲ. ಹೂವನ್ನು ಬಿಡಿಸಿ ಎಡಗೈಗೆ ಕೊಟ್ಟೆ. "ಈ ಕೈ, ಚಿನ್ನಾ. ನಿನ್ ಕೈ ಇದು." ಅವಳು ಮತ್ತೆ ಬಲಗೈಗೆ ದಾಟಿಸಿದಳು. ನಾನು ಮತ್ತೆ ಎಡಗೈಗೆ. ಮೂರನೇ ಸಲ ಹೂವೇ ಉದುರಿಹೋಯಿತು.

ಅಭ್ಯಾಸ ತಪ್ಪಬಾರದು. ಬಸವ ಜಯಂತಿಗೆ ಎರಡೇ ವಾರ. ಇವತ್ತಿನಿಂದ ತಟ್ಟೆಯ ಎಡಕ್ಕೇ ಚಮಚ ಇಡುತ್ತೇನೆ. ಚೆಂಡನ್ನೂ ಎಡಗೈಗೇ ಕೊಡುತ್ತೇನೆ.

ಮನೋಹರ್ ನೋಡಿ "ಅವಳು ಎರಡರಲ್ಲೂ ತಿಂತಾಳಲ್ಲ ಕಣೇ, ಮೊದಲಿಂದಾನೂ" ಅಂದರು. ಬೆಳಿಗ್ಗೆ ಹೋಗಿ ರಾತ್ರಿ ಬರುವವರಿಗೆ ಏನು ಗೊತ್ತು? ಮದುವೆ ಸೀಸನ್ ಮುಗಿಯುವ ತನಕ ಈ ಮನೆಯ ಗಂಡಸರಿಗೆ ಬಳೆ ತೊಟ್ಟ ಕೈ ಬಿಟ್ಟು ಬೇರೆ ಕೈ ಕಾಣುವುದಿಲ್ಲ.

ಏಪ್ರಿಲ್ 21, ಸೋಮವಾರ

ಗಾಂಧಿಬಜಾರಿನಲ್ಲಿ ಮಾವಿನಹಣ್ಣು ಬಂದಿದೆ. ತಗೊಳ್ಳುವಾಗ ಹಣ್ಣಿನ ಮುನಿಯಮ್ಮ ಮಾನ್ಯಳಿಗೆ ಒಂದು ಏಲಕ್ಕಿ ಬಾಳೆಹಣ್ಣು ಕೊಟ್ಟಳು. ಮಾನ್ಯ ಬಲಗೈ ಚಾಚಿ ತಗೊಂಡಳು.

"ನೋಡಿ, ಎಷ್ಟು ಜಾಣೆ, ಬಲಗೈಯಾಗೆ ಇಸ್ಕೊಂಡ್ಳು" ಅಂದಳು ಮುನಿಯಮ್ಮ.

ನನ್ನ ಮೈ ಉರಿದುಹೋಯಿತು. ಹಣ್ಣನ್ನು ವಾಪಸ್ ಮುನಿಯಮ್ಮನ ಕೈಗೆ ಕೊಟ್ಟು, "ಇನ್ನೊಂದ್ಸಲ ಕೊಡಿ" ಅಂದೆ. ಮಾನ್ಯಳ ಎಡಗೈ ಹಿಡಿದು ಮುಂದೆ ಚಾಚಿಸಿದೆ. ಮುನಿಯಮ್ಮ ನನ್ನನ್ನೂ ಮಗುವನ್ನೂ ನೋಡಿ ಕೊಟ್ಟಳು. ಮಾನ್ಯ ಅಳುವುದಕ್ಕೆ ಶುರು ಮಾಡಿ ಮನೆ ಮುಟ್ಟುವ ತನಕ ನಿಲ್ಲಿಸಲಿಲ್ಲ. ಬಾಳೆಹಣ್ಣನ್ನು ಬಾಯಿಗೂ ಇಡಲಿಲ್ಲ.

ಬಿಸಿಲು ಜಾಸ್ತಿಯಾಗಿತ್ತು. ನಾಳೆಯಿಂದ ಟೋಪಿ ಹಾಕಿಕೊಂಡು ಹೋಗಬೇಕು.

ಏಪ್ರಿಲ್ 22

ಚೆಂಡು. ಎಡಗೈ. ಸ್ವಲ್ಪ ಹಟ ಮಾಡಿದಳು. ಬಿಡಲಿಲ್ಲ.

ಏಪ್ರಿಲ್ 24, ಗುರುವಾರ

"ಆಚೆ ಬೇಡ" ಅಂದಳು ಮಾನ್ಯ. ಚಪ್ಪಲಿ ತಂದರೆ ಓಡಿಹೋಗಿ ದಿವಾನದ ಕೆಳಗೆ ತೂರಿಕೊಂಡಳು. ಬಾಗಿಲ ಚಿಲಕದ ಶಬ್ದ ಕೇಳಿದರೆ ಕುಣಿಯುತ್ತಿದ್ದ ಮಗು! ಯಾರೋ ತಲೆಗೆ ತುಂಬಿದ್ದಾರೆ. ಯಾರು ಅಂತ ಬರೆಯಬೇಕಾಗಿಲ್ಲ.

ಮಧ್ಯಾಹ್ನ ಅಡುಗೆಮನೆಗೆ ಹೋದರೆ ಅತ್ತೆ ಅವಳಿಗೆ ಮೊಸರನ್ನ ಕಲಸಿ ತುತ್ತು ಕೊಡುತ್ತಿದ್ದರು. ಮಾನ್ಯ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅದರ ಮೇಲೆ ಗಟ್ಟಿಯಾಗಿ ಕೂತು, ಬರೀ ಬಾಯಿ ತೆರೆಯುತ್ತಿದ್ದಳು.

"ತಾನೇ ತಿನ್ನೋ ಮಗೂಗೆ ಯಾಕೆ ತುತ್ತು ಕೊಡ್ತೀರಾ ಅತ್ತೆ?" ಅಂದೆ.

"ಕೈ ಹೊರಗೆ ತೆಗೀತಾ ಇಲ್ಲ ತೇಜು. ನಿನ್ನೆಯಿಂದ್ಲೂ ಹಿಂಗೇ ಕೂರ್ತಿದೆ" ಅಂದರು. ಅವರ ಮುಖ ಯಾಕೋ ಸಣ್ಣದಾಗಿತ್ತು. "ನಾವೇನಾದ್ರೂ ಜಾಸ್ತಿ ಮಾಡ್ತಿದೀವಾ?"

ನಾವು ಅಂತೆ! ಸೋಲುವ ಹೊತ್ತಿಗೆ ನನ್ನನ್ನೂ ಜೊತೆಗೆ ಸೇರಿಸಿಕೊಳ್ಳುವ ಉಪಾಯ. ನಾನು ತಟ್ಟೆ ಇಸ್ಕೊಂಡೆ. ಮಾನ್ಯ ಬಾಯಿ ಮುಚ್ಚಿಕೊಂಡಳು.

ಏಪ್ರಿಲ್ 27, ಭಾನುವಾರ

ಅಂತೂ ಮನೋಹರ್‌ಗೆ ಒಂದು ಸಂಜೆ ಬಿಡುವು ಸಿಕ್ಕಿತು. ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಿಂದ ಮೆಟ್ರೋ ಹತ್ತಿ ಮಲ್ಲೇಶ್ವರಕ್ಕೆ ಹೋದೆವು. ಅಪ್ಪ ಎತ್ತಿಕೊಂಡರೆ ಮಾನ್ಯ ಹೊರಗೆ ಬರಲು ತಕರಾರು ಮಾಡಲಿಲ್ಲ. ಕಿಟಕಿಗೆ ಮೂಗು ಒತ್ತಿ ಊರನ್ನೆಲ್ಲ ನೋಡಿದಳು, ರೈಲು ನೆಲದೊಳಗೆ ಇಳಿದು ಕತ್ತಲಾದಾಗ ತನ್ನ ಮುಖವನ್ನೇ ನೋಡಿಕೊಂಡಳು. ನಾವು ಮೂವರೇ ಹೀಗೆ ಹೊರಟು ಎಷ್ಟು ಕಾಲವಾಗಿತ್ತೋ. ಸಂಪಿಗೆ ರಸ್ತೆಯ ಜನಜಂಗುಳಿಯಲ್ಲಿ ಮನೋಹರ್ ನನ್ನ ಕೈ ಹಿಡಿದುಕೊಂಡರು. ನಾಚಿಕೆಯಾಯಿತು, ಬಿಡಿಸಿಕೊಳ್ಳಲಿಲ್ಲ.

ಮನೋಹರ್ ಐಸ್‌ಕ್ರೀಮ್ ಕೋನ್ ತಂದು ಮಗಳ ಮುಂದೆ ಹಿಡಿದರು. ಅವಳು ತಗೊಳ್ಳಲಿಲ್ಲ. ನನ್ನ ಮುಖ ನೋಡಿದಳು.

"ಅಮ್ಮಾ, ಯಾವ ಕೈ?"

"ಈ ಕೈ, ಬಂಗಾರಿ" ಎಂದು ಎಡಗೈ ಮುಟ್ಟಿ ತೋರಿಸಿದೆ. ತಕ್ಷಣ ಆ ಕೈಯಲ್ಲೇ ತಗೊಂಡಳು. ಅಳಲಿಲ್ಲ, ಹಟ ಇಲ್ಲ! ನಾನು ಮನೋಹರ್ ಕಡೆ ಗೆದ್ದ ನಗೆ ನಕ್ಕೆ. ಅವರು ನಗಲಿಲ್ಲ. ಐಸ್‌ಕ್ರೀಮ್ ಕರಗಿ ಮಗುವಿನ ಮೊಣಕೈಗೆ ಇಳಿಯುತ್ತಿತ್ತು, ಅದನ್ನೇ ಒರೆಸುತ್ತಾ ನಿಂತರು. ವಾಪಸ್ ಬರುವಾಗ ರೈಲಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತರು.

"ಏನಾಯ್ತು ರೀ?" ಅಂದೆ.

"ಐಸ್‌ಕ್ರೀಮ್ ತಿನ್ನೋಕೂ ಪರ್ಮಿಷನ್ ಕೇಳ್ತಿದೆ ಮಗು" ಅಂದರು.

ಅಂಗಡಿಯ ಸುಸ್ತು ಇರಬೇಕು. ಕೇಳಿ ಮಾಡುವ ಬುದ್ಧಿ ಬಂದಿದೆ, ಒಳ್ಳೆಯದೇ ಆಯಿತಲ್ಲ. ಬುಧವಾರ ಬರಲಿ.

ಏಪ್ರಿಲ್ 30, ಬುಧವಾರ, ಬಸವ ಜಯಂತಿ

ಎಲ್ಲವನ್ನೂ ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆಯೇ ಬಸವಣ್ಣನವರ ಫೋಟೋಗೆ ಮಲ್ಲಿಗೆ ಹಾರ ಹಾಕಿದ್ದಾಯಿತು. ಶೈಲಜಮ್ಮನವರ ಮನೆಯವರು ಮತ್ತೆ ಬಂದರು. ವಿಶ್ವಾರಾಧ್ಯ ಅಯ್ನೋರು ಹನ್ನೊಂದರ ಸುಮಾರಿಗೆ ಬೆವರು ಒರೆಸಿಕೊಳ್ಳುತ್ತಾ ಬಂದರು. ಇವತ್ತು ಅವರಿಗೆ ಚಾಮರಾಜಪೇಟೆಯಲ್ಲೇ ಇನ್ನೂ ನಾಲ್ಕೈದು ಮನೆ ಇದ್ದವು. ಪಾನಕ ಕುಡಿದು, "ಬೇಗ ಆಗ್ಲಿ ತಾಯಿ, ಮಗು ಎಲ್ಲಿ?" ಅಂದರು.

ಮಾನ್ಯಳಿಗೆ ಹಸಿರು ಲಂಗ ಹಾಕಿ, ಹಣೆಗೆ ವಿಭೂತಿ ಇಟ್ಟು ಮನೋಹರ್ ತೊಡೆಯ ಮೇಲೆ ಕೂರಿಸಿದೆವು. ಮುಂದೆ ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ. ಬರೆಯಲು ಅರಿಶಿನದ ಕೊಂಬು. ಅಯ್ನೋರು ಮಂತ್ರ ಹೇಳಿ, "ಈಗ ಮಗುವಿನ ಕೈ ಹಿಡಿದು ಬರೆಸಿ" ಅಂದರು.

ಅತ್ತೆ ಬಲಗೈಯ ಮಣಿಕಟ್ಟು ಹಿಡಿದರು. ನಾನು ಆ ಕ್ಷಣಕ್ಕಾಗಿಯೇ ಒಂದು ತಿಂಗಳು ಕಾದಿದ್ದೆ. ಎಡಗೈ ಹಿಡಿದುಕೊಂಡೆ.

"ತೇಜು, ಇವತ್ತೊಂದು ದಿನ ಬಿಡಮ್ಮ. ಬಂದೋರ ಮುಂದೆ ಬೇಡ" ಎಂದು ಅತ್ತೆ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಬಿಡಲ್ಲ ಅತ್ತೆ. ನೀವು ಬಿಡಿ" ಅಂದೆ. ಪಿಸುಗುಟ್ಟಲಿಲ್ಲ, ಎಲ್ಲರಿಗೂ ಕೇಳುವ ಹಾಗೇ ಅಂದೆ.

ಅವರು ತಟ್ಟೆಯ ಕಡೆಗೆ ಎಳೆದರು. ನಾನೂ ಎಳೆದೆ. ಅರಿಶಿನದ ಕೊಂಬು ಅಕ್ಕಿಯ ಮೇಲೆ ಉರುಳಿತು. ಮಾವ ಎದ್ದು ನಿಂತರು. ಶೈಲಜಮ್ಮ "ಶಿವ ಶಿವಾ" ಅಂದರು. ನನಗೆ ಯಾರೂ ಕಾಣಿಸಲಿಲ್ಲ, ಆ ಪುಟ್ಟ ಎಡಗೈ ಮಾತ್ರ ಕಾಣಿಸುತ್ತಿತ್ತು. ಅದು ಗೆಲ್ಲಬೇಕಿತ್ತು.

ಆಗ ಮಾನ್ಯ ಕಿರುಚಿದಳು. ಅಳು ಅಲ್ಲ ಅದು. ಅಂಥ ದನಿ ಅವಳಲ್ಲಿ ಇದೆ ಎಂದೇ ನನಗೆ ಗೊತ್ತಿರಲಿಲ್ಲ.

"ಬಿಡೀ! ನನ್ ಕೈ! ಅಜ್ಜಿದಲ್ಲ! ಅಮ್ಮಂದೂ ಅಲ್ಲ! ನಂದೂ!"

ಇಬ್ಬರೂ ಬೆಚ್ಚಿ ಬಿಟ್ಟೆವು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, ಅಪ್ಪನ ತೊಡೆಯಿಂದ ಎದ್ದು, ಕಾಲಿನಿಂದ ತಟ್ಟೆಯನ್ನು ಒದ್ದಳು. ಅಕ್ಕಿ ನಡುಮನೆಯ ತುಂಬ ಚೆಲ್ಲಿತು. ಲಂಗ ತೊಡರಿಕೊಂಡರೂ ಬೀಳದೆ ನಡೆದು ಹಜಾರ ದಾಟಿ ಜಗುಲಿಗೆ ಹೋದಳು.

ಅಯ್ನೋರು ಶಲ್ಯ ಕೊಡವಿಕೊಂಡರು. "ಮಗು ಇನ್ನೂ ಸಣ್ಣದು. ವಿಜಯದಶಮಿಗೆ ನೋಡೋಣಂತೆ" ಎಂದು ದಕ್ಷಿಣೆ ತಗೊಂಡು ಹೊರಟರು. ಶೈಲಜಮ್ಮನವರು ಊಟಕ್ಕೆ ನಿಲ್ಲಲಿಲ್ಲ. ಅವರು ಇವತ್ತು ಸಂಜೆಯೊಳಗೆ ಬಸವನಗುಡಿಯ ಎಲ್ಲ ಮನೆಗಳಿಗೂ ಫೋನ್ ಮಾಡಿರುತ್ತಾರೆ. ಮಾಡಲಿ. ನನ್ನ ಮಗಳು ಅಯ್ನೋರಿಗೂ ಹೆದರಲಿಲ್ಲ, ತಾತನಿಗೂ ಹೆದರಲಿಲ್ಲ. ಭೇಷ್ ಎಂದು ಕೂಗಬೇಕು ಎನ್ನಿಸಿತು.

ಆದರೆ ಅವಳು "ಅಮ್ಮಂದೂ ಅಲ್ಲ" ಅಂದಳಲ್ಲ.

ಅತ್ತೆ ನೆಲದಲ್ಲಿ ಕೂತು ಅಕ್ಕಿ ಬಳಿಯುತ್ತಿದ್ದರು. ನಾನೂ ಕೂತು ಬಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ, "ನನ್ ಉಗುರು ತಗುಲ್ತೇನೋ. ಕೈ ನೋಡ್ಬಿಟ್ಟು ಬಾ" ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಒಂದು ಬಟ್ಟಲಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಜಗುಲಿಗೆ ಹೋದೆ. ಮಾನ್ಯ ಮೆಟ್ಟಿಲ ಮೇಲೆ ಕೂತು ಇರುವೆ ಸಾಲು ನೋಡುತ್ತಿದ್ದಳು. ಎರಡು ಮಣಿಕಟ್ಟಿನಲ್ಲೂ ಬೆರಳಿನ ಗುರುತು ಮೂಡಿತ್ತು. ಬಲಗೈಯದು ತಿಳಿಗೆಂಪು. ಎಡಗೈಯದು ಕಡುಗೆಂಪು. ಅದು ನನ್ನದು.

ನನ್ನ ಹೆಜ್ಜೆ ಕೇಳಿ ತಿರುಗಿದಳು. ನನ್ನನ್ನು ಕಂಡ ಕೂಡಲೇ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಇಟ್ಟುಕೊಂಡಳು. ಕಾಲುಚೀಲ ಕಟ್ಟಿದವರನ್ನು ಕಂಡೂ ಇವಳು ಹೀಗೆ ಮಾಡಿರಲಿಲ್ಲ. ನನ್ನನ್ನು ಕಂಡು ಮಾಡಿದಳು.

ಎಣ್ಣೆಯ ಬಟ್ಟಲನ್ನು ನಮ್ಮಿಬ್ಬರ ನಡುವೆ ಇಟ್ಟು ಒಂದು ಮೆಟ್ಟಿಲು ಕೆಳಗೆ ಕೂತೆ. "ಉರೀತಿದ್ರೆ ಹಚ್ಕೋ ಮರಿ. ನಾನು ಮುಟ್ಟಲ್ಲ" ಅಂದೆ. ನನ್ನ ಕೈಗಳನ್ನು ನಾನೇ ಮಡಿಲಲ್ಲಿ ಹಿಡಿದುಕೊಂಡೆ. ರಸ್ತೆಯಲ್ಲಿ ತರಕಾರಿ ಗಾಡಿಯವನು ಕೂಗಿಕೊಂಡು ಹೋದ. ಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಸರಿಯಿತು. ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಒಂದು ಕೈ ಮುಂದೆ ತಂದು, ಬೆರಳನ್ನು ಎಣ್ಣೆಯಲ್ಲಿ ಅದ್ದಿ, ತಾನೇ ಹಚ್ಚಿಕೊಂಡಳು.

ಯಾವ ಕೈ ಅಂತ ಇಲ್ಲಿ ಬರೆಯುವುದಿಲ್ಲ. ನಾಳೆ ಅತ್ತೆ ಕೇಳಿದರೂ ಹೇಳುವುದಿಲ್ಲ, ಊರೇ ಬಂದು ಕೇಳಿದರೂ ಹೇಳುವುದಿಲ್ಲ. ಅದು ಅವಳ ಕೈ.